ದರಪಟ್ಟಿಯಲ್ಲಿ ದೂರ ಮತ್ತು ಹಾರಾಟದ ಅವಧಿ: ಗ್ರಾಹಕರಿಗೆ ಪತ್ರ

ವಿರಾಜಪೇಟೆ

ಮಾನ್ಯ ಗ್ರಾಹಕರೇ,

ನಮ್ಮ ಪ್ರಯಾಣ ಕಚೇರಿಯು ತಮಗೆ ಕೊಡುವ ದರಪಟ್ಟಿಯಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಇದುವರೆಗೆ ಒಂದೇ ಸಾಲಿನಲ್ಲಿ ನಮೂದಿಸುತ್ತಿದ್ದೆವು. ಬರುವ ತಿಂಗಳ 1ನೇ ತಾರೀಖಿನಿಂದ ಆ ಸಾಲನ್ನು ಕೈಬಿಡುತ್ತಿದ್ದೇವೆ. ಅದರ ಬದಲು ರಸ್ತೆಯ ದೂರ ಹಾಗೂ ಮನೆಯಿಂದ ಹೊರಡಬೇಕಾದ ಹೊತ್ತು ಇರುತ್ತದೆ. ನೇರ ವಿಮಾನವಿದ್ದರೆ ಮಾತ್ರ ವಿಮಾನ ಸಂಸ್ಥೆಯ ವೇಳಾಪಟ್ಟಿಯ ಅವಧಿಯನ್ನು ಬರೆಯುತ್ತೇವೆ.

ಇದಕ್ಕೆ ಕಾರಣ ನಮ್ಮದೇ ತಪ್ಪು. ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣದಲ್ಲಿ ಇಳಿದು, ಅದೇ ಸಂಜೆ ಮೈಸೂರಿನ ಮಂಡಕಳ್ಳಿಯಿಂದ ಮುಂದಿನ ವಿಮಾನ ಹಿಡಿಯಬೇಕಿದ್ದ ಗ್ರಾಹಕರೊಬ್ಬರಿಗೆ ನಾವು ಕೊಟ್ಟ ಪಟ್ಟಿಯಲ್ಲಿ ದೂರ 68 ಎಂದಿತ್ತು. ಅದು ನಾಟಿಕಲ್ ಮೈಲಿಯ ಲೆಕ್ಕ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್ ಆದ್ದರಿಂದ ನೇರ ದೂರವೇ ಸುಮಾರು 125 ಕಿಲೋಮೀಟರ್ ಆಗುತ್ತದೆ. ಅವರು ಅದನ್ನು ಕಿಲೋಮೀಟರ್ ಎಂದೇ ಓದಿಕೊಂಡರು. ಹಾಗೆ ಓದಿದ್ದು ಸಹಜ, ಬರೆದ ನಾವು ಎಚ್ಚರ ವಹಿಸಬೇಕಿತ್ತು. ವಿಮಾನ ತಪ್ಪಿತು. ಟಿಕೆಟ್ಟಿನ ಹಣವನ್ನು ಅವರಿಗೆ ನಾವೇ ಭರಿಸಿಕೊಟ್ಟಿದ್ದೇವೆ.

ಆ 125 ಕಿಲೋಮೀಟರಿನ ಗೆರೆ ದಕ್ಷಿಣ ಕೊಡಗಿನ ಕಾಡು, ತೋಟಗಳ ಮೇಲೆಯೇ ಹಾದುಹೋಗುತ್ತದೆ. ಆದರೆ ಆ ಗೆರೆಯ ಮೇಲೆ ನಾವು ಟಿಕೆಟ್ ಕೊಡಬಲ್ಲ ನೇರ ವಿಮಾನವಿಲ್ಲ. ಎರಡು ಊರುಗಳ ನಡುವಿನ ಹಾರಾಟದ ಅವಧಿ ಹೇಳುವ ಅಂತರ್ಜಾಲದ ಲೆಕ್ಕವು ವಿಮಾನ ಇದೆಯೇ ಇಲ್ಲವೇ ಎಂದು ನೋಡದೆ, ದೂರವನ್ನು ವೇಗದಿಂದ ಭಾಗಿಸಿ ನಿಮಿಷಗಳನ್ನು ಹೇಳಿಬಿಡುತ್ತದೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದದ್ದಾಗಿರುವುದರಿಂದ ಅಲ್ಲಿಗೆ ಬರುವುದು ಎಟಿಆರ್‌ನಂತಹ, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಸಣ್ಣ ವಿಮಾನಗಳು. ಕಣ್ಣೂರಿನ ರನ್‌ವೇ 3,050 ಮೀಟರ್ ಇದ್ದು, ದೊಡ್ಡ ಜೆಟ್‌ಗಳೂ ಇಳಿಯುತ್ತವೆ. ಜೆಟ್ಟಿನ ವೇಗ ಹಿಡಿದು ಎಣಿಸಿದರೆ ಹತ್ತು ನಿಮಿಷ, ಎಟಿಆರ್ ವೇಗದಲ್ಲಿ ಹದಿನೈದು. ವಿಮಾನ ನಿಂತಲ್ಲಿಂದ ಕದಲಿ, ಏರಿ, ಸರದಿಗೆ ಕಾದು ಇಳಿದು ನಿಲ್ಲುವವರೆಗಿನ ಸಮಯ ಈ ಯಾವ ಎಣಿಕೆಯಲ್ಲೂ ಇಲ್ಲ. ವೇಳಾಪಟ್ಟಿಯ ಅವಧಿಯಲ್ಲಿ ಮಾತ್ರ ಅದು ಸೇರಿರುತ್ತದೆ.

ಮಂಡಕಳ್ಳಿಗೂ ಕಣ್ಣೂರು ನಿಲ್ದಾಣಕ್ಕೂ ನಡುವೆ ನಮ್ಮ ಗ್ರಾಹಕರ ಪಾಲಿಗೆ ನಿಜವಾದ ದಾರಿ ಎಂದರೆ ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ. ಸುಮಾರು 170 ಕಿಲೋಮೀಟರ್. ಘಾಟಿಯ ತಿರುವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನಾವು ನಾಲ್ಕೂವರೆ ಗಂಟೆ ಹಿಡಿಯುತ್ತೇವೆ. ಸ್ವದೇಶಿ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅದನ್ನೂ ಸೇರಿಸಿಯೇ ಹೊರಡುವ ಹೊತ್ತನ್ನು ಬರೆಯುತ್ತೇವೆ. ಮಳೆಗಾಲದಲ್ಲಿ ಇನ್ನೂ ಒಂದೂವರೆ ಗಂಟೆ ಹೆಚ್ಚು. 2018ರ ಜೂನ್‌ನಲ್ಲಿ ಮಾಕುಟ್ಟದ ರಸ್ತೆಯೂ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಮಂಗಳೂರು ರಸ್ತೆಯೂ ಭೂಕುಸಿತದಿಂದ ಮುಚ್ಚಿದ್ದನ್ನು ಕಂಡವರಿಗೆ ಇದು ಅತಿಯಾದ ಎಚ್ಚರಿಕೆ ಎನಿಸಲಾರದು.

ಕಾರಿನ ಬಾಡಿಗೆ ದರದಲ್ಲಿ ಬದಲಾವಣೆಯಿಲ್ಲ, ಏಕೆಂದರೆ ಅದನ್ನು ಮೊದಲಿನಿಂದಲೂ ರಸ್ತೆಯ ಕಿಲೋಮೀಟರಿನ ಮೇಲೆಯೇ ಹಾಕುತ್ತಿದ್ದೆವು. ಈಗಾಗಲೇ ಕಾರು ಕಾದಿರಿಸಿರುವವರು ಹಳೆಯ ಪಟ್ಟಿಯನ್ನು ದಯವಿಟ್ಟು ನಂಬಬಾರದು. ಕಚೇರಿಗೆ ತಂದರೆ ಅಥವಾ ವಾಟ್ಸಾಪ್‌ನಲ್ಲಿ ಅದರ ಚಿತ್ರ ಕಳುಹಿಸಿದರೆ ಅದೇ ದಿನ ಹೊಸದನ್ನು ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು