ಮೊದಲು ಹೊತ್ತು ಗೊತ್ತು ಮಾಡಿ, ಆಮೇಲೆ ಬಟ್ಟೆ

ಸಂಪಾದಕರಿಗೆ ನಮಸ್ಕಾರ.

ಪ್ರೀ ವೆಡ್ಡಿಂಗ್ ಶೂಟ್‌ಗೆ ಜೋಡಿಗಳು ಹೇಗೆ ತಯಾರಾಗಬೇಕು ಅಂತ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಬಟ್ಟೆಯ ಬಣ್ಣ, ಮೇಕಪ್, ನಿಲ್ಲುವ ಪೋಸು ಎಲ್ಲಾ ಇತ್ತು. ಯಾವ ಹೊತ್ತಿಗೆ ಶೂಟ್ ಇಟ್ಟುಕೊಳ್ಳಬೇಕು ಅನ್ನುವ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಕ್ಯಾಮೆರಾ ಹಿಡಿದೇ ಹೊಟ್ಟೆ ಹೊರೆಯುವ ನನಗೆ ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ನಮ್ಮ ಹತ್ತಿರ ಬರುವ ಜೋಡಿಗಳೂ ಹೆಚ್ಚುಕಡಿಮೆ ಹೀಗೇ. ಬಟ್ಟೆಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ, ಎಷ್ಟು ಗಂಟೆಗೆ ಶುರು ಮಾಡೋಣ ಅಂದರೆ "ಹನ್ನೊಂದಕ್ಕೆ ಬರ್ತೀವಿ ಸರ್, ಅಷ್ಟೊತ್ತಿಗೆ ಮೇಕಪ್ ಮುಗಿದಿರುತ್ತೆ" ಅನ್ನುತ್ತಾರೆ.

ಹನ್ನೊಂದರ ಮೇಲೆ ಬಯಲಲ್ಲಿ ಫೋಟೋ ತೆಗೆಯೋದು ಅಂದರೆ ಬಿಸಿಲಿನ ಜೊತೆ ಕುಸ್ತಿ. ಸೂರ್ಯ ನೆತ್ತಿಯ ಮೇಲಿದ್ದಾಗ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಹಣೆ ಬೆಳ್ಳಗೆ ಮಿಂಚುತ್ತದೆ, ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿರುತ್ತಾರೆ. ಇದನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಸರಿಮಾಡೋಕೆ ಆಗಲ್ಲ. ಸರಿಮಾಡ್ತೀವಿ ಅಂತ ಹೇಳುವವರು ಮುಖವನ್ನೇ ಮೇಣದ ಗೊಂಬೆ ಮಾಡಿ ಕೊಡುತ್ತಾರೆ, ಅಷ್ಟೇ.

ಸೂರ್ಯ ಕೆಳಗಿಳಿದಾಗ ಬೆಳಕು ಗಾಳಿಯಲ್ಲಿ ತುಂಬಾ ದೂರ ಹಾದು ಬರಬೇಕಾಗುತ್ತದೆ. ದಾರಿಯಲ್ಲೇ ನೀಲಿ ಬಣ್ಣ ಜಾಸ್ತಿ ಚದುರಿ ಹೋಗಿ, ಹಳದಿ ಮತ್ತು ಕಿತ್ತಳೆ ನಮ್ಮ ತನಕ ಉಳಿದು ಬರುತ್ತವೆ. ಬೆಳಕು ಪಕ್ಕದಿಂದ ಬರುವುದರಿಂದ ಕಣ್ಣಿನ ಕೆಳಗೆ ಕಪ್ಪು ನೆರಳೂ ಇರುವುದಿಲ್ಲ. ಸೂರ್ಯ ಹುಟ್ಟಿದ ಮೇಲಿನ, ಮುಳುಗುವುದಕ್ಕೆ ಮುಂಚಿನ ಈ ಹೊತ್ತನ್ನೇ ಫೋಟೋಗ್ರಾಫರುಗಳು ಗೋಲ್ಡನ್ ಅವರ್ ಅಂತ ಬಡಕೊಳ್ಳೋದು. ಎಲ್ಲಾ ಕಡೆ ಅದು ಸರಿಯಾಗಿ 60 ನಿಮಿಷ ಸಿಗುತ್ತದೆ ಅಂದುಕೊಳ್ಳಬೇಡಿ. ಭೂಮಧ್ಯ ರೇಖೆಗೆ ಹತ್ತಿರ ಇದ್ದಷ್ಟೂ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಬೆಳಕು ಬೇಗ ಮುಗಿಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ದೂರ ಹೋದಷ್ಟೂ ಓರೆಯಾಗಿ ಇಳಿಯುವುದರಿಂದ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತದೆ. ಸೂರ್ಯ ಹುಟ್ಟುವ, ಮುಳುಗುವ ಸಮಯ ಫೋನಿನಲ್ಲೇ ಸಿಗುತ್ತದೆ, ಅದನ್ನು ನೋಡಿಯೇ ದಿನ ಗೊತ್ತು ಮಾಡಿ.

ಬೆಳಗ್ಗೆಯೋ ಸಂಜೆಯೋ? ನನ್ನ ಕೇಳಿದರೆ, ಕ್ಯಾಮೆರಾ ಮುಂದೆ ಸಂಕೋಚ ಇರುವವರಿಗೆ ಸಂಜೆಯೇ ವಾಸಿ. ಎಂಥ ಜೋಡಿಯಾದರೂ ಮೊದಲ ಅರ್ಧ ಗಂಟೆ ಮರಗಟ್ಟಿಕೊಂಡೇ ಇರುತ್ತಾರೆ. ಬೆಳಗ್ಗೆ ಇಟ್ಟುಕೊಂಡರೆ ಒಳ್ಳೆಯ ಬೆಳಕೆಲ್ಲ ಆ ಬಿಗುವಿನಲ್ಲೇ ಕಳೆದುಹೋಗುತ್ತದೆ, ನಗು ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಸಂಜೆಯಾದರೆ ಆ ಅರ್ಧ ಗಂಟೆ ಹೋಗೋದು ಕೆಟ್ಟ ಬೆಳಕಿನಲ್ಲಿ. ಆದರೆ ಸಂಜೆ ಶೂಟ್‌ಗೆ ತಡವಾಗಿ ಬಂದರೆ ಮುಗಿಯಿತು, ಕತ್ತಲೆ ಯಾರಿಗೂ ಕಾಯುವುದಿಲ್ಲ. ಜನಜಂಗುಳಿ ಬೇಡ ಅನ್ನುವವರು ಮಾತ್ರ ಬೆಳಗ್ಗೆ ಏಳಲೇಬೇಕು. ಮೋಡ ಕವಿದ ದಿನ ಬಂತು ಅಂತ ಅಳುಮುಖ ಮಾಡಬೇಡಿ. ಮೋಡ ಇದ್ದಾಗ ಇಡೀ ಆಕಾಶವೇ ಒಂದು ದೊಡ್ಡ ಪರದೆಯ ಹಾಗೆ ಬೆಳಕನ್ನು ಹರಡುತ್ತದೆ, ಮುಖಕ್ಕೆ ಅಷ್ಟು ಮೆತ್ತನೆಯ ಬೆಳಕು ಬೇರೆ ದಿನ ಸಿಗೋದು ಕಷ್ಟ. ಬಿಸಿಲಿಗೆ ಹೆದರಿ ದಟ್ಟ ಮರದ ಕೆಳಗೆ, ಹುಲ್ಲಿನ ಮೇಲೆ ನಿಂತರೂ ತೊಂದರೆ ಇದೆ. ಎಲೆ ಹಾಯ್ದು, ಹುಲ್ಲಿಗೆ ತಾಗಿ ಬರುವ ಬೆಳಕು ಹಸಿರು, ಮುಖಕ್ಕೂ ಅದೇ ಬಣ್ಣ ಹತ್ತುತ್ತದೆ.

ಹೊತ್ತು ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಐದಕ್ಕೆ ಬೆಳಕು ಬೇಕು ಅಂದರೆ ನಾಲ್ಕೂವರೆಗೆ ಜಾಗದಲ್ಲಿ ಇರಬೇಕು, ಅದಕ್ಕೆ ಮುಂಚೆ ಪ್ರಯಾಣ, ಅದಕ್ಕೂ ಮುಂಚೆ ಮೇಕಪ್, ಮೇಕಪ್‌ಗೆ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ಹೀಗೆ ಲೆಕ್ಕ ಹಾಕಿದರೆ ನಾಲ್ಕು ಜೊತೆ ಬಟ್ಟೆ ಬದಲಿಸುವ ಆಸೆ ತಾನಾಗಿಯೇ ಎರಡಕ್ಕೆ ಇಳಿಯುತ್ತದೆ. ಒಂದೊಂದು ಸಲ ಬದಲಿಸುವಾಗಲೂ ಹೋಗೋದು ಆ ಒಳ್ಳೆಯ ಬೆಳಕೇ ಅಲ್ವಾ?

ಬಟ್ಟೆಯ ಬಗ್ಗೆ ನಿಮ್ಮ ಬರಹದಲ್ಲೇ ಬೇಕಾದಷ್ಟಿದೆ, ಬಿಟ್ಟುಹೋದದ್ದಷ್ಟೇ ಹೇಳುತ್ತೇನೆ. ತೀರಾ ಸಣ್ಣ ಗೆರೆ, ಸಣ್ಣ ಚೌಕಳಿ ಬೇಡ, ಕ್ಯಾಮೆರಾ ಸೆನ್ಸರಿಗೆ ಅದು ಅಲೆಅಲೆಯಾಗಿ ಕಾಣುತ್ತದೆ. ಕುತ್ತಿಗೆಯ ಹತ್ತಿರ ಕಣ್ಣು ಕುಕ್ಕುವ ಬಣ್ಣ ಇದ್ದರೆ ಗದ್ದದ ಕೆಳಗೆ ಅದರ ಛಾಯೆ ಬೀಳುತ್ತದೆ. ಹೊಸ ಚಪ್ಪಲಿ ಶೂಗಳನ್ನು ಮನೆಯಲ್ಲೇ ಹಾಕಿ ಪಳಗಿಸಿ. ಹಿಂದಿನ ದಿನ ಹೊಸ ಕ್ರೀಮು, ಹೊಸ ಫೇಶಿಯಲ್ಲು ಯಾವುದೂ ಬೇಡ. ಇನ್ನು ಕನ್ನಡಕ. ದಿನಾ ಹಾಕುವವರು ತೆಗೆದಿಟ್ಟರೆ ಮೂಗಿನ ಮೇಲಿನ ಗುರುತು ಕಾಣುತ್ತದೆ, ನೋಟವೂ ಎಲ್ಲೋ ಇರುತ್ತದೆ. ಹಾಕಿಕೊಂಡೇ ಬನ್ನಿ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜಿದ್ದರೆ ಮಾತ್ರ ಬೇರೆಯದೊಂದು ತನ್ನಿ, ಇಲ್ಲದಿದ್ದರೆ ಎಲ್ಲಾ ಫೋಟೋದಲ್ಲೂ ಒಬ್ಬರ ಕಣ್ಣೇ ಇರುವುದಿಲ್ಲ.

ಇಷ್ಟಕ್ಕೂ ಶೂಟ್ ಕೆಡೋದು ಬೆಳಕಿನಿಂದ ಮಾತ್ರ ಅಲ್ಲ. ಎಲ್ಲಾ ಒಬ್ಬರೇ ತೀರ್ಮಾನ ಮಾಡಿ ಇನ್ನೊಬ್ಬರನ್ನು ಎಳೆದುಕೊಂಡು ಬಂದಾಗ ಜಾಸ್ತಿ ಕೆಡುತ್ತದೆ. ಒಬ್ಬರು ಫೋನಿನಲ್ಲಿ ನೂರು ಪೋಸು ಸೇವ್ ಮಾಡಿಟ್ಟಿರುತ್ತಾರೆ, ಇನ್ನೊಬ್ಬರಿಗೆ ಹತ್ತು ಜನರ ಮುಂದೆ ಕೈ ಹಿಡಿಯೋಕೂ ಮುಜುಗರ. ಅದನ್ನು ಜಾಗಕ್ಕೆ ಬಂದ ಮೇಲೆ ನನ್ನ ಮುಂದೆ ಹೇಳಿಕೊಂಡರೆ ನಾನೇನು ಮಾಡಲಿ? ತಬ್ಬಿಕೊಳ್ಳೋದು, ಹಣೆಗೆ ಮುತ್ತು ಕೊಡೋದು, ಎತ್ತಿಕೊಳ್ಳೋದು, ಇದರಲ್ಲಿ ಯಾವುದು ಸರಿ, ಯಾವುದು ಬೇಡ ಅಂತ ಮನೆಯಲ್ಲೇ ಇಬ್ಬರೂ ಮಾತಾಡಿಕೊಂಡು, ಬೇಡದ್ದನ್ನು ಫೋಟೋಗ್ರಾಫರಿಗೆ ಮೊದಲೇ ತಿಳಿಸಿ. ಅವರು ತಪ್ಪು ತಿಳಿಯೋಲ್ಲ, ಅವರ ಕೆಲಸ ಸುಲಭವಾಗುತ್ತದೆ. ಪೋಸುಗಳ ಉದ್ದ ಪಟ್ಟಿಗಿಂತ ಇಬ್ಬರಿಗೂ ಇಷ್ಟವಾದ ಐದಾರು ಫೋಟೋ ತೋರಿಸಿದರೆ ಸಾಕು. ಮಿಕ್ಕಿದ್ದು ನಡೆಯುತ್ತಾ, ಮಾತಾಡುತ್ತಾ ಬರುತ್ತದೆ. ಕೈ ಎಲ್ಲಿಡಬೇಕು ಅಂತ ತಿಳಿಯದಿದ್ದರೆ ಒಂದು ಛತ್ರಿಯೋ ಪುಸ್ತಕವೋ ಹಿಡಿದುಕೊಳ್ಳಿ.

ಫೋಟೋ ಯಾರು ನೋಡಬೇಕು ಅನ್ನೋದೂ ಮೊದಲೇ ಇತ್ಯರ್ಥ ಆಗಬೇಕಾದ ವಿಷಯ, ಇದನ್ನು ನಮ್ಮ ಕಸುಬಿನವರು ತಾವಾಗಿ ಎತ್ತುವುದು ಕಡಿಮೆ. ನಿಮ್ಮ ಫೋಟೋವನ್ನು ಅವರು ತಮ್ಮ ಜಾಹೀರಾತಿಗೆ ಬಳಸಬಹುದೇ? ರೀಲ್ಸ್‌ಗೆ ಹಾಕಬಹುದೇ? ಎಡಿಟ್ ಮಾಡಿದ ಫೋಟೋ ಎಷ್ಟು, ಯಾವ ದಿನಕ್ಕೆ? ರಾ ಫೈಲ್, ಅಂದರೆ ಕ್ಯಾಮೆರಾದ ಎಡಿಟ್ ಮಾಡದ ಮೂಲ ಫೈಲ್, ಕೊಡುತ್ತಾರಾ? ಮಳೆ ಬಂದರೆ ಇನ್ನೊಂದು ದಿನ ಕೊಡುತ್ತಾರಾ, ಮುಂಗಡದ ಗತಿಯೇನು? ಫೋಟೋದ ಹಕ್ಕು ತೆಗೆದವರದ್ದೋ ತೆಗೆಸಿಕೊಂಡವರದ್ದೋ ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಇರಲಿ. ಫೈಲ್ ಕೈಗೆ ಬಂದ ದಿನವೇ ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿಡಿ. ವರ್ಷ ಕಳೆದ ಮೇಲೆ ಕೇಳಿದರೆ ನಮ್ಮ ಹತ್ತಿರವೂ ಇರುತ್ತದೆ ಅನ್ನುವ ಭರವಸೆ ಇಲ್ಲ.

ಕೊನೆಯದಾಗಿ ನಿಮ್ಮ ಮೇಲೊಂದು ದೂರು. ಆ ಬರಹದ ಜೊತೆ ಹಾಕಿದ್ದ ದೊಡ್ಡ ಚಿತ್ರದಲ್ಲಿ ಜೋಡಿ ನಿಂತಿದ್ದದ್ದು ರೈಲು ಹಳಿಯ ಮಧ್ಯೆ. ವೇಗವಾಗಿ ಬರುವ ರೈಲು ಬ್ರೇಕ್ ಹಾಕಿದರೂ ನಿಲ್ಲೋಕೆ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಬೇಕಾಗಬಹುದು, ಮತ್ತು ಎದುರಿಂದ ಬರುವ ರೈಲಿನ ಸದ್ದು ನಾವು ಅಂದುಕೊಂಡಷ್ಟು ಮೊದಲೇ ಕೇಳಿಸುವುದಿಲ್ಲ. ಬಂಡೆಯ ಅಂಚು, ಹರಿಯುವ ನೀರಿನ ಕಥೆಯೂ ಅದೇ. ಫೋಟೋಗ್ರಾಫರು ಕ್ಯಾಮೆರಾದಲ್ಲಿ ಕಣ್ಣಿಟ್ಟು "ಇನ್ನೊಂದು ಹೆಜ್ಜೆ ಹಿಂದೆ" ಅಂದಾಗ ಆ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ಅವರಿಗೂ ಕಾಣುತ್ತಿರುವುದಿಲ್ಲ. ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ "ನಮಗೂ ಇಂಥದ್ದೇ ಬೇಕು" ಅಂತ ಕತ್ತರಿಸಿ ತರುವವರಿದ್ದಾರೆ. ದಯವಿಟ್ಟು ಅಂಥ ಚಿತ್ರ ಇನ್ನೊಮ್ಮೆ ಹಾಕಬೇಡಿ.

ಇಂತಿ,
ನಿಮ್ಮ ಓದುಗ, ಒಬ್ಬ ಫೋಟೋಗ್ರಾಫರ್