ಮಾಂಸದ ರುಚಿಯೇ ಬೇಡದವರಿಗೆ ಮಾಂಸದ ನಕಲು ಏಕೆ?

ಮಾನ್ಯ ಸಂಪಾದಕರೇ,

ಸೂಪರ್ ಮಾರ್ಕೆಟ್ಟಿನ ಫ್ರೀಜರ್‌ಗಳಲ್ಲಿ ಈಗ ಹಸಿರು ಚುಕ್ಕೆಯ ಕಬಾಬ್, ಕೀಮಾ, ನಗೆಟ್ಸ್ ಸಿಗುತ್ತವೆ. ಮದುವೆ ಊಟದಲ್ಲೂ ‘ವೆಜ್ ಮಟನ್’ ಬಡಿಸುವುದುಂಟು. ಹುಟ್ಟಿನಿಂದ ಸಸ್ಯಾಹಾರಿಗಳಾದವರು ‘ನಮ್ಮ ಊಟದಲ್ಲಿ ಪ್ರೋಟೀನ್ ಸಾಲದಂತೆ, ಇದನ್ನೆಲ್ಲ ತಿನ್ನಲೇಬೇಕಾ?’ ಎಂದು ಕೇಳುತ್ತಾರೆ. ಬೇಕಿಲ್ಲ. ಮಾಂಸ ಬಿಟ್ಟವರಿಗೆ, ಬಿಡಬೇಕೆಂದರೂ ನಾಲಿಗೆ ಕೇಳದವರಿಗೆ ಇವು ನಿಜವಾಗಿಯೂ ಉಪಕಾರ ಮಾಡುತ್ತವೆ. ಆ ರುಚಿಯನ್ನೇ ಕಾಣದವರು ಅದರ ನಕಲಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಸೋಯಾ ಚಂಕ್ಸ್ ಅಥವಾ ‘ಮೀಲ್ ಮೇಕರ್’ ಅನ್ನು ಮಾತ್ರ ಈ ಗುಂಪಿನಿಂದ ಹೊರಗೆ ತೆಗೆದು, ಕಾಳು-ಬೇಳೆಯ ಡಬ್ಬಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಮೊದಲು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ, 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ. ಉತ್ತರ ಕರ್ನಾಟಕದ ಒಂದು ಮನೆಯ ಇಡೀ ದಿನದ ಊಟ ತೂಗಿ ನೋಡೋಣ. 120 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 12 ಗ್ರಾಂ, 75 ಗ್ರಾಂ ಅಕ್ಕಿಯ ಅನ್ನದಿಂದ 6, 30 ಗ್ರಾಂ ತೊಗರಿಬೇಳೆಯ ಸಾರಿನಿಂದ ಆರೂವರೆ, 30 ಗ್ರಾಂ ಮಡಕೆಕಾಳು ಅಥವಾ ಹೆಸರುಕಾಳಿನ ಪಲ್ಯದಿಂದ ಇನ್ನೊಂದು ಆರೂವರೆ, 20 ಗ್ರಾಂ ಶೇಂಗಾ ಚಟ್ನಿಪುಡಿಯಿಂದ 5, ಹಾಲು-ಮೊಸರು ಸೇರಿ 300 ಮಿ.ಲೀ.ನಿಂದ 10. ಕೂಡಿದರೆ 46, ಆ ಹೆಂಗಸಿಗೆ ಬೇಕಾದಷ್ಟು; ಗಂಡಸಿಗೆ ಇದೇ ಊಟ ಸ್ವಲ್ಪ ಹೆಚ್ಚು ಬೇಕು. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ, ಕಾಳು-ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೋನಿನ್ ಜೋಳ, ಅಕ್ಕಿಯಿಂದ ಬರುತ್ತದೆ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಿಂದ ಬರುತ್ತದೆ. ರೊಟ್ಟಿ-ಕಾಳುಪಲ್ಯ, ಮುದ್ದೆ-ಹುರುಳಿ ಸಾರು, ಹಿತಕಿದ ಅವರೆಬೇಳೆ ಸಾರು-ಅನ್ನ, ಎಲ್ಲವೂ ಇದೇ ಜೋಡಿ.

ಹಾಗಾದರೆ ಕೊರತೆ ಬರುವುದು ಎಲ್ಲಿ? ಕಾಳು ಕೈಬಿಟ್ಟಾಗ. ಹಾಸ್ಟೆಲ್, ಪಿಜಿಗಳ ತಿಳಿ ಸಾಂಬಾರಿನಲ್ಲಿ ಒಬ್ಬರ ಪಾಲಿಗೆ ಹತ್ತು ಗ್ರಾಂ ಬೇಳೆ ಬಂದರೆ ಸಿಗುವ ಪ್ರೋಟೀನ್ ಎರಡೇ ಗ್ರಾಂ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಉಪ್ಪಿಟ್ಟು ತಿಂದರೆ ಹೊಟ್ಟೆಯೇನೋ ತುಂಬುತ್ತದೆ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಹಲ್ಲು ಹೋದ ಹಿರಿಯರದೂ ಇದೇ ಪಾಡು. ಕಾಳು ಅಗಿಯಲಾಗದೆ ಗಂಜಿ, ಮೆತ್ತನ್ನಕ್ಕೆ ಬಂದು ನಿಲ್ಲುತ್ತಾರೆ. ಸೋಯಾ ಕೆಲಸಕ್ಕೆ ಬರುವುದು ಇಂಥ ಕಡೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಚಂಕ್ಸ್ ಪ್ಯಾಕೆಟ್ಟಿನ ಮೇಲೆ ‘100 ಗ್ರಾಂಗೆ 52 ಗ್ರಾಂ ಪ್ರೋಟೀನ್’ ಎಂದಿರುತ್ತದೆ. ಅದು ಸುಳ್ಳಲ್ಲ, ಆದರೆ ಒಣ ತೂಕದ ಲೆಕ್ಕ. ನೀರು ಕುಡಿದ ಚಂಕ್ಸ್ ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ. ಆಗ 100 ಗ್ರಾಂನಲ್ಲಿ ಇರುವುದು 17ರಿಂದ 20 ಗ್ರಾಂ, ಹೆಚ್ಚುಕಡಿಮೆ ಪನೀರ್‌ನಷ್ಟು. ಪನೀರ್‌ನಲ್ಲಿರುವ ಕೊಬ್ಬು ಇದರಲ್ಲಿಲ್ಲ ಎಂಬುದು ಲಾಭ. ಬೇಯಿಸಿದ ಕೋಳಿ ಮಾಂಸದಲ್ಲಿ 25ರಿಂದ 30 ಗ್ರಾಂ ಇರುತ್ತದೆ. ‘ಮಾಂಸಕ್ಕಿಂತ ಎರಡು ಪಟ್ಟು ಪ್ರೋಟೀನ್’ ಎನ್ನುವವರು ಒಣಗಿದ್ದನ್ನು ಹಸಿಯದರ ಜೊತೆ ತೂಗುತ್ತಿದ್ದಾರೆ. ಒಬ್ಬರಿಗೆ ಒಂದು ಹೊತ್ತಿಗೆ 25ರಿಂದ 30 ಗ್ರಾಂ ಒಣ ಚಂಕ್ಸ್ ಸಾಕು. 13ರಿಂದ 15 ಗ್ರಾಂ ಪ್ರೋಟೀನ್ ಸಿಗುತ್ತದೆ. ಸಾರಿನ ಬೇಳೆಯಿಂದ ಅಷ್ಟು ಸಿಗಬೇಕಾದರೆ 60-70 ಗ್ರಾಂ ಬೇಳೆ ಬೇಕು.

‘ರಬ್ಬರ್ ತಿಂದ ಹಾಗಿದೆ, ವಾಸನೆ’ ಎಂದು ಚಂಕ್ಸ್ ಬಿಟ್ಟವರು ಬಹಳ. ಅದು ಅಡುಗೆಯ ದೋಷ. ಎಣ್ಣೆ ತೆಗೆದ ಸೋಯಾ ಹಿಟ್ಟಿಗೆ ನೀರು ಸೇರಿಸಿ, ಬಿಸಿ ಯಂತ್ರದೊಳಗೆ ಒತ್ತಡದಲ್ಲಿ ನೂಕುತ್ತಾರೆ. ಹೊರಗೆ ಬಂದ ಕ್ಷಣ ಒಳಗಿನ ನೀರು ಆವಿಯಾಗಿ, ಬಿಸಿ ಮರಳಿಗೆ ಬಿದ್ದ ಮಂಡಕ್ಕಿಯಂತೆ ಹಿಟ್ಟು ಅರಳುತ್ತದೆ. ಒಳಗೆಲ್ಲ ಸಣ್ಣ ಸಣ್ಣ ತೂತು. ಚಂಕ್ಸ್ ಎಂದರೆ ಸ್ಪಂಜು. ಮೊದಲು ಏನು ಕುಡಿಸುತ್ತೀರೋ ಅದೇ ರುಚಿ.

ನಾಲ್ಕು ಜನಕ್ಕೆ 100 ಗ್ರಾಂ ತೆಗೆದುಕೊಳ್ಳಿ. ಒಂದೂವರೆ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕುದಿ ಬಂದ ಮೇಲೆ ಚಂಕ್ಸ್ ಹಾಕಿ, ಐದು ನಿಮಿಷ ಕುದಿಸಿ, ಮುಚ್ಚಿ ಇನ್ನೈದು ನಿಮಿಷ ಬಿಡಿ. ಬಸಿದು ತಣ್ಣೀರಿಗೆ ಹಾಕಿ, ಎರಡೂ ಅಂಗೈ ನಡುವೆ ಇಟ್ಟು ಹಿಂಡಿ. ಮೊದಲ ನೀರು ಹಳದಿಯಾಗಿ ನೊರೆ ನೊರೆಯಾಗಿ ಬರುತ್ತದೆ. ಹಸಿ ಸೋಯಾ ವಾಸನೆ, ಹೊಟ್ಟೆಯಲ್ಲಿ ವಾಯು ತುಂಬಿಸುವ ಸಕ್ಕರೆಗಳ ಒಂದು ಪಾಲು ಅದರ ಜೊತೆಗೇ ಹೋಗುತ್ತವೆ. ನೀರು ತಿಳಿಯಾಗುವವರೆಗೆ ಇನ್ನೆರಡು ಸಲ ಹೀಗೇ ಮಾಡಿ. ಕೊನೆಯ ಸಲ ಪೂರ್ತಿ ಹಿಂಡಿ, ದೊಡ್ಡ ತುಂಡುಗಳನ್ನು ಎರಡು ಹೋಳು ಮಾಡಿ. ಮೂರು ದೊಡ್ಡ ಚಮಚ ಗಟ್ಟಿ ಮೊಸರು, ಶುಂಠಿ-ಬೆಳ್ಳುಳ್ಳಿ, ಅರಿಸಿನ, ಖಾರದಪುಡಿ, ಉಪ್ಪು ಕಲಸಿ ಅರ್ಧ ಗಂಟೆ ಇಡಿ. ಖಾಲಿಯಾದ ತೂತುಗಳಿಗೆ ಈಗ ಮಸಾಲೆ ಇಳಿಯುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಬಾಡಿಸಿ, ರುಬ್ಬಿದ ಮಸಾಲೆಯಲ್ಲಿ ಎಂಟು-ಹತ್ತು ನಿಮಿಷ ಕುದಿಸಿದರೆ ಆಯಿತು.

ಒಣ ಚಂಕ್ಸ್ ಅನ್ನು ನೇರ ಸಾಂಬಾರಿಗೆ ಹಾಕಿದರೆ ಅದು ರಸವನ್ನೆಲ್ಲ ಹೀರಿಕೊಳ್ಳುತ್ತದೆ, ವಾಸನೆ ಒಳಗೇ ಉಳಿಯುತ್ತದೆ. ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದರೆ ತೀರಾ ಮೆತ್ತಗಾಗಬಹುದು. ಎಣ್ಣೆಯಲ್ಲಿ ಕರಿದರೆ ತೂತುಗಳಿಗೆ ಎಣ್ಣೆ ತುಂಬಿ, ಕೊಬ್ಬಿಲ್ಲದ ಪದಾರ್ಥ ಎಂಬ ಲಾಭವೇ ಹೋಗುತ್ತದೆ. ಹಿರಿಯರಿಗೆ ಚಂಕ್ಸ್ ಬದಲು ಸೋಯಾ ಗ್ರಾನ್ಯೂಲ್ಸ್ ತನ್ನಿ; ಬಿಸಿನೀರಲ್ಲಿ ಐದು ನಿಮಿಷ ನೆನೆಸಿ ಹಿಂಡಿ ಉಪ್ಪಿಟ್ಟಿಗೋ ಕಿಚಡಿಗೋ ಸೇರಿಸಿದರೆ ಅಗಿಯುವ ಕಷ್ಟವಿಲ್ಲ.

ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತರು ಮುಂಗಾರಿನಲ್ಲಿ ಬೆಳೆಯುವ ಬೆಳೆ ಇದು. ಎಣ್ಣೆ ತೆಗೆದ ಮೇಲೆ ಉಳಿಯುವ ಸೋಯಾ ಹಿಂಡಿಯ ದೊಡ್ಡ ಪಾಲು ಕೋಳಿ ಮೇವಿಗೆ ಹೋಗುತ್ತದೆ. ಸ್ವಲ್ಪ ಹೆಚ್ಚು ಪಾಲು ನೇರವಾಗಿ ನಮ್ಮ ತಟ್ಟೆಗೆ ಬಂದರೆ ಒಳ್ಳೆಯದೇ.

ಮಿಕ್ಕ ನಕಲುಗಳ ವಿಷಯ ಬೇರೆ. ಫ್ರೀಜರ್ ಪ್ಯಾಕೆಟ್ ಕೊಳ್ಳುವ ಮುನ್ನ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರು ಹೆಸರುಗಳಲ್ಲಿ ಮೈದಾ, ಪಿಷ್ಟ, ಎಣ್ಣೆ ಇದ್ದರೆ ಅದು ಕರಿದ ತಿಂಡಿ ಎಂದೇ ಲೆಕ್ಕ ಹಾಕಿ. 100 ಗ್ರಾಂಗೆ ಪ್ರೋಟೀನ್ 10 ಗ್ರಾಂಗಿಂತ ಕಡಿಮೆಯಿದ್ದರೆ ಪ್ರೋಟೀನಿಗಾಗಿ ಕೊಳ್ಳುವಂಥದ್ದಲ್ಲ. ಸೋಡಿಯಂ 600 ಮಿಲಿಗ್ರಾಂ ಇದ್ದರೆ ಒಂದೂವರೆ ಗ್ರಾಂ ಉಪ್ಪು ತಿಂದಂತೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಬೀದಿಯ ಸೋಯಾ ಚಾಪ್‌ಗೆ ಹೆಸರು ಸೋಯಾ ಆದರೂ ಮೈದಾ ಧಾರಾಳವಾಗಿ ಸೇರಿರುತ್ತದೆ. ಸೀಟಾನ್ ಎಂಬ ನಕಲು ಗೋಧಿಯ ಗ್ಲುಟೆನ್, ಅಂದರೆ ಗೋಧಿಯ ಪ್ರೋಟೀನ್. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಎರಡೂ ಸಲ್ಲದು. ಎಳೆ ಹಲಸು, ಕರಾವಳಿಯವರ ಗುಜ್ಜೆ, ಎಳೆ ಎಳೆಯಾಗಿ ಮಾಂಸದಂತೆ ಕಾಣುತ್ತದೆ ನಿಜ. ಗುಜ್ಜೆ ಪಲ್ಯ ಸೊಗಸಾದ ಅಡುಗೆ. ಪ್ರೋಟೀನ್ ಮಾತ್ರ ಎರಡು-ಮೂರು ಗ್ರಾಂ, ಅದು ತರಕಾರಿಯೇ.

ಇನ್ನು ಮದುವೆ ಅಡುಗೆಯವರಲ್ಲಿ ಒಂದು ವಿನಂತಿ. ಎಲೆಗೆ ಬಡಿಸುವಾಗ ‘ಸೋಯಾ ಪಲ್ಯ’ ಎಂದೇ ಹೇಳಿ. ಮಾಂಸದ ನೆನಪೇ ಒಗ್ಗದ ಹಿರಿಯರು ‘ಮಟನ್’ ಎಂಬ ಮಾತು ಕಿವಿಗೆ ಬಿದ್ದರೆ ಎಲೆ ಬಿಟ್ಟು ಏಳುತ್ತಾರೆ. ಅವರ ಸಂಕಟ ದೊಡ್ಡದು, ಹೆಸರು ಬದಲಿಸಲು ಖರ್ಚೇನೂ ಇಲ್ಲ.

ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು. ಸೋಯಾ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ.

ಸಸ್ಯಾಹಾರಿಗಳು ನಿಜವಾಗಿ ಚಿಂತಿಸಬೇಕಾದ ಕೊರತೆ ವಿಟಮಿನ್ ಬಿ12. ಹೊರಗಿನಿಂದ ಬೆರೆಸದ ಹೊರತು ಅದು ಸೋಯಾದಲ್ಲೂ ಇಲ್ಲ, ಮಾಂಸದ ನಕಲಿನಲ್ಲೂ ಇಲ್ಲ. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯಲ್ಲಿ ಹೆಚ್ಚಾಗಿ ಇರುವುದು ನಮ್ಮ ದೇಹ ಬಳಸಲಾಗದ ರೂಪ. ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೊಗ್ರಾಂ, 250 ಮಿ.ಲೀ. ಹಾಲಿನಿಂದ ಸಿಗುವುದು ಸುಮಾರು 1. ಹಾಲು-ಮೊಸರನ್ನೂ ಬಿಟ್ಟ ವೀಗನ್ನರಿಗೆ ಮಾತ್ರೆಯೋ ಬಿ12 ಬೆರೆಸಿದ ಆಹಾರವೋ ಬೇಕೇ ಬೇಕು. ಅಂಗಾಲು, ಬೆರಳುಗಳಲ್ಲಿ ಜುಮುಗುಡುವುದು, ಸುಸ್ತು, ಮರೆವು ಕಂಡರೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿ. ತಾವೇ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳಲು ಹೋಗಬೇಡಿ. ರಕ್ತಹೀನತೆ ವಾಸಿಯಾದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ.

– ಆಹಾರ ತಜ್ಞೆ, ಧಾರವಾಡ