ಆ ಹೊತ್ತಿನಲ್ಲಿ ನನಗೆ ಜಾಗ ಬಿಟ್ಟವರಿಗೆ

ಕಳೆದ ತಿಂಗಳ ಕೊನೆಗೆ ಪತ್ರಿಕೆ ಕೆಲಸದಿಂದ ನಿವೃತ್ತನಾದೆ. ಅವತ್ತಿನಿಂದ ಫೋನು, ಮೆಸೇಜು ನಿಂತೇ ಇಲ್ಲ. ಜೊತೆಗೆ ದುಡಿದವರು, ಯಾವತ್ತೋ ಠಾಣೆಯಲ್ಲಿ ಸಿಕ್ಕ ಪೊಲೀಸರು, ನಾನು ಮುಖ ನೋಡದ ಓದುಗರು, ಎಲ್ಲರೂ ಪ್ರೀತಿಯಿಂದ ಬರೆದಿದ್ದೀರಿ. ಒಬ್ಬೊಬ್ಬರಿಗೂ ಉತ್ತರಿಸೋಕೆ ಆಗಲಿಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಜಾಸ್ತಿ ಜನ ನನ್ನ ಧೈರ್ಯ ಹೊಗಳಿದ್ದೀರಿ. ಬೆಂಗಳೂರಿನಂಥ ಊರಲ್ಲಿ ಇಷ್ಟು ವರ್ಷ ಕ್ರೈಂ ಫೋಟೋಗ್ರಾಫರ್ ಆಗಿರೋಕೆ ಗುಂಡಿಗೆ ಗಟ್ಟಿ ಇರಬೇಕು ಅಂತ. ನನಗೆ ಹಾಗೆ ಅನ್ನಿಸಿಲ್ಲ. ಕೊಲೆ ನಡೆದ ಮನೆ, ಬೆಂಕಿ ಹತ್ತಿದ ಕಟ್ಟಡ, ಶವಾಗಾರದ ಬಾಗಿಲು, ಇಂಥ ಕಡೆ ಕ್ಯಾಮೆರಾ ಹಿಡಿದು ನಿಲ್ಲಬೇಕಾದರೆ ಯಾರಾದರೂ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಬಿಡಬೇಕು. ಹಾಗೆ ಜಾಗ ಬಿಟ್ಟವರಿಗೆ ನಾನು ಥ್ಯಾಂಕ್ಸ್ ಹೇಳೋದಿದೆ. ಎಷ್ಟೋ ಜನರ ಹೆಸರು ನನಗೆ ಗೊತ್ತಿಲ್ಲ. ಗೊತ್ತಿರುವವರ ಹೆಸರನ್ನೂ ಬರೆಯುತ್ತಿಲ್ಲ. ಅವರಲ್ಲಿ ಯಾರಿಗೂ ಹೆಸರು ಬರೋದು ಇಷ್ಟ ಇರಲಿಲ್ಲ.

ಮೊದಲ ಋಣ ಕಾಟನ್‌ಪೇಟೆಯ ಸ್ಟುಡಿಯೋ ಮಾಲೀಕರದ್ದು. ಕುಣಿಗಲ್ ಕಡೆಯಿಂದ ಬಂದ ಹುಡುಗನಿಗೆ ಕೆಲಸ ಕೊಟ್ಟರು, ರಾತ್ರಿ ಮಲಗೋಕೆ ಒಳಕೋಣೆ ಕೊಟ್ಟರು. ಆಗೆಲ್ಲ ಕೊಲೆಯೋ ಆತ್ಮಹತ್ಯೆಯೋ ಆದರೆ ಠಾಣೆಯಿಂದ ಒಬ್ಬರು ಕಾನ್‌ಸ್ಟೆಬಲ್ ಹತ್ತಿರದ ಸ್ಟುಡಿಯೋ ಬಾಗಿಲು ತಟ್ಟುತ್ತಿದ್ದರು. ಮದುವೆ ಫೋಟೋ ತೆಗೆಯುವ ಅದೇ ಕ್ಯಾಮೆರಾ, ಅದೇ ಫ್ಲ್ಯಾಶ್ ಹಿಡಿದು ಮಹಜರು ನಡೆಯುವ ಜಾಗಕ್ಕೆ ಹೋಗಬೇಕು. ಮಾಲೀಕರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಮೊದಲು ದೂರದಿಂದ ಒಂದು ಫೋಟೋ. ರಸ್ತೆಯೋ, ಅಂಗಡಿ ಬೋರ್ಡೋ, ಏನಾದರೂ ಗುರುತು ಸಿಗೋ ಹಾಗೆ. ಆಮೇಲೆ ಸ್ವಲ್ಪ ಹತ್ತಿರ ಹೋಗಿ, ದೇಹ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ಕಾಣೋ ಹಾಗೆ. ಕೊನೆಗೆ ತೀರಾ ಹತ್ತಿರದಿಂದ, ಗಾಯದ ಪಕ್ಕ ಸ್ಕೇಲ್ ಇಟ್ಟು. ಯಾವುದನ್ನೂ ಮುಟ್ಟೋ ಹಾಗಿಲ್ಲ, ಸರಿಸೋ ಹಾಗಿಲ್ಲ. "ಲೆನ್ಸಿನಲ್ಲಿ ನೋಡೋಕೆ ಮುಂಚೆ ಕಾಲ ಕೆಳಗೆ ನೋಡಪ್ಪ" ಅನ್ನುತ್ತಿದ್ದರು. ರಕ್ತದ ಹನಿ, ಬಳೆ ಚೂರು, ಬೀಡಿ ತುಂಡು, ಏನು ಬೇಕಾದರೂ ಇರಬಹುದು. ತುಳಿದರೆ ಸಾಕ್ಷ್ಯವೇ ಹೋಯಿತು.

ವರ್ಷಗಳು ಕಳೆದ ಮೇಲೆ ಕೋರ್ಟಿನಿಂದ ಸಮನ್ಸ್ ಬರುತ್ತಿತ್ತು. ಕಟಕಟೆಯಲ್ಲಿ ನಿಂತು ಈ ಫೋಟೋ ನಾನೇ ತೆಗೆದದ್ದು, ಇದರ ನೆಗೆಟಿವ್ ಇದೇ ಅಂತ ಹೇಳಬೇಕು. ನೆಗೆಟಿವ್ ಇಲ್ಲದ ಪ್ರಿಂಟನ್ನು ಎದುರಿನ ವಕೀಲರು ಸುಮ್ನೆ ಬಿಡುತ್ತಿರಲಿಲ್ಲ. ಡಿಜಿಟಲ್ ಬಂದ ಮೇಲೆ ಆ ಜಾಗಕ್ಕೆ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಬಂತು, ಅಂದರೆ ಡಿಜಿಟಲ್ ಫೋಟೋವನ್ನು ಸಾಕ್ಷ್ಯವಾಗಿ ಒಪ್ಪಿಸಲು ಕೊಡುವ ಪ್ರಮಾಣಪತ್ರ. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದೇ 63ನೇ ಸೆಕ್ಷನ್. ಈಗ ಶೋಧ, ಜಪ್ತಿ ಮಾಡುವಾಗ ಪೊಲೀಸರೇ ವಿಡಿಯೊ ಮಾಡಬೇಕು. ಸ್ಟುಡಿಯೋ ಬಾಗಿಲು ತಟ್ಟುವ ಕಾಲ ಹೋಯಿತು. ನಮ್ಮ ಮಾಲೀಕರು ಪ್ರತಿ ನೆಗೆಟಿವನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಮೇಲೆ ತಾರೀಕು, ಠಾಣೆ, ಜಾಗ ಬರೆದು ಟ್ರಂಕಿನಲ್ಲಿ ಇಡುತ್ತಿದ್ದರು. ಅವರ ಈ ಅಭ್ಯಾಸ ನನಗೂ ಅಂಟಿತು. ಅದರಿಂದ ಆದ ಒಳ್ಳೆಯದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಲ್ಲಿಂದ ಪತ್ರಿಕೆಗೆ ಬಂದೆ. ನಮ್ಮ ಚೀಫ್ ಫೋಟೋಗ್ರಾಫರ್ ಮಾತು ಕಡಿಮೆ, ಕಲಿಸಿದ್ದು ಜಾಸ್ತಿ. 1990ರ ಫೆಬ್ರವರಿ 14ರ ಮಧ್ಯಾಹ್ನ, ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಎ320 ವಿಮಾನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಊರಿನ ಫೋಟೋಗ್ರಾಫರುಗಳೆಲ್ಲ ಆ ಕಡೆ ಓಡಿದರು. ಚೀಫ್ ನನ್ನನ್ನು ಆಸ್ಪತ್ರೆಗೆ ಕಳಿಸಿದರು. "ವಿಮಾನದ ಫೋಟೋ ಎಲ್ಲರ ಹತ್ತಿರಾನೂ ಇರುತ್ತೆ. ನೀನು ಕಾಯ್ತಾ ಇರೋರನ್ನ ನೋಡು" ಅಂದರು.

ಹೋದೆ. ಕಾರಿಡಾರಿನ ಗೋಡೆಗೆ ಕೈಬರಹದ ಪಟ್ಟಿ ಅಂಟಿಸಿದ್ದರು. ಜನ ಅದರ ಮೇಲೆ ಬೆರಳಿಟ್ಟು ಕೆಳಕ್ಕೆ ಇಳಿಸುತ್ತಾ ಓದುತ್ತಿದ್ದರು. ಹೆಸರು ಸಿಕ್ಕವರ ಬೆರಳು ಅಲ್ಲೇ ನಿಲ್ಲುತ್ತಿತ್ತು. ಸಿಗದವರು ಮತ್ತೆ ಮೇಲಿಂದ ಶುರು ಮಾಡುತ್ತಿದ್ದರು. ಅಲ್ಲಿ ಡ್ಯೂಟಿಯಲ್ಲಿದ್ದ ನರ್ಸ್ ಒಬ್ಬರು ನನ್ನ ಕ್ಯಾಮೆರಾ ನೋಡಿದರು, ಹೊರಗೆ ಹೋಗು ಅನ್ನಲಿಲ್ಲ. "ಫ್ಲ್ಯಾಶ್ ಹಾಕಬೇಡಿ, ಅಷ್ಟೇ" ಅಂದರು. 400ರ ಟ್ರೈ-ಎಕ್ಸ್ ಫಿಲ್ಮ್ ರೋಲನ್ನು 1600ಕ್ಕೆ ಪುಶ್ ಮಾಡಿ, ಅಂದರೆ ಕಡಿಮೆ ಬೆಳಕಿಗೂ ಒಗ್ಗುವ ಹಾಗೆ ಬಳಸಿ, ಟ್ಯೂಬ್‌ಲೈಟ್ ಬೆಳಕಿನಲ್ಲೇ ತೆಗೆದೆ. ಆ ನರ್ಸಮ್ಮನಿಗೆ ಅವತ್ತು ಥ್ಯಾಂಕ್ಸ್ ಹೇಳೋಕೆ ಪುರುಸೊತ್ತಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ನಮ್ಮ ಡಾರ್ಕ್‌ರೂಮ್ ಸಹಾಯಕರಿಗೂ ಹೇಳಬೇಕು. ಡೆವಲಪರಿನಲ್ಲಿ ಅದ್ದಿ ಅದ್ದಿ ಅವರ ಉಗುರೆಲ್ಲ ಕಂದು ಬಣ್ಣ. ಸಿಟಿ ಎಡಿಷನ್ ಹೊತ್ತು ಮೀರುತ್ತಿದ್ದರೆ ಹಸಿ ನೆಗೆಟಿವನ್ನೇ ಎನ್‌ಲಾರ್ಜರಿಗೆ ಹಾಕಿ ಪ್ರಿಂಟ್ ತೆಗೆದುಕೊಡುತ್ತಿದ್ದರು. ಪತ್ರಿಕೆಯಲ್ಲಿ ಹೆಸರು ಬರುತ್ತಿದ್ದದ್ದು ನನ್ನದು.

ಚೀಫ್ ಹೇಳಿದ್ದು ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಅವರ ಟೇಬಲ್ ಗಾಜಿನ ಕೆಳಗೆ ನ್ಯೂಯಾರ್ಕಿನ ಕ್ರೈಂ ಫೋಟೋಗ್ರಾಫರ್ ವೀಜೀ ತೆಗೆದ ಒಂದು ಫೋಟೋದ ಝೆರಾಕ್ಸ್ ಇತ್ತು. ವೀಜೀ ನಿಜವಾದ ಹೆಸರು ಆರ್ಥರ್ ಫೆಲಿಗ್. 1899ರಲ್ಲಿ ಈಗಿನ ಉಕ್ರೇನಿನಲ್ಲಿರುವ ಊರೊಂದರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕ ಸೇರಿದವರು. 1938ರಲ್ಲಿ ಸ್ವಂತ ಕಾರಿನಲ್ಲಿ ಪೊಲೀಸ್ ರೇಡಿಯೋ ಇಟ್ಟುಕೊಳ್ಳಲು ಅನುಮತಿ ಪಡೆದರು. ಡಿಕ್ಕಿಯಲ್ಲಿ ಫ್ಲ್ಯಾಶ್ ಬಲ್ಬು, ಟೈಪ್‌ರೈಟರು ಇಟ್ಟುಕೊಂಡು ರಾತ್ರಿಯಿಡೀ ಊರು ಸುತ್ತುತ್ತಿದ್ದರು. ಆ ಫೋಟೋ 1941ರದ್ದು. ಬ್ರೂಕ್ಲಿನ್‌ನಲ್ಲಿ ಒಬ್ಬನಿಗೆ ಗುಂಡು ಹೊಡೆದಿದ್ದಾರೆ. ಆದರೆ ಫೋಟೋದಲ್ಲಿ ಹೆಣ ಇಲ್ಲ. ನೋಡೋಕೆ ನುಗ್ಗಿದ ಶಾಲೆ ಮಕ್ಕಳಿದ್ದಾರೆ, ಒಬ್ಬರನ್ನೊಬ್ಬರು ತಳ್ಳುತ್ತಾ, ಕೆಲವರು ನಗುತ್ತಾ. ಅವರ ನಡುವೆ ಒಬ್ಬ ಹೆಂಗಸು ಬಾಯಿಬಿಟ್ಟು ಅಳುತ್ತಿದ್ದಾಳೆ. ಸತ್ತವನ ಸಂಬಂಧಿ ಆಕೆ. ಕ್ರೈಂ ಫೋಟೋ ಅಂದರೆ ರಕ್ತ ತೋರಿಸೋದು ಅಂದುಕೊಂಡಿರುವ ಹುಡುಗರಿಗೆ ನಾನು ಈಗಲೂ ಮೊದಲು ಇದನ್ನೇ ತೋರಿಸುತ್ತೇನೆ. ವೀಜೀ ಹೆಣಗಳನ್ನೂ ಬೇಕಾದಷ್ಟು ತೆಗೆದಿದ್ದಾರೆ, ಅದು ಬೇರೆ ಮಾತು. ನನಗೆ ಉಳಿದದ್ದು ಈ ಒಂದು.

ಪೊಲೀಸ್ ಕಂಟ್ರೋಲ್ ರೂಮಿನವರು, ಠಾಣೆಯಲ್ಲಿ ದಾಖಲೆ ಬರೆಯುವ ರೈಟರುಗಳು, ನಡುರಾತ್ರಿ ಫೋನ್ ಎತ್ತಿ "ಹೌದು, ಹೊರಡಿ" ಅಂತಷ್ಟೇ ಹೇಳಿ ಇಟ್ಟವರು, ನಿಮಗೆಲ್ಲ ನಮಸ್ಕಾರ. ಅಗ್ನಿಶಾಮಕ ದಳದವರಿಗೆ ಇನ್ನೊಂದು ನಮಸ್ಕಾರ ಜಾಸ್ತಿ. 2010ರ ಫೆಬ್ರವರಿ 23ರಂದು ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತು. ಹೊಗೆ ತಡೆಯಲಾರದೆ ಮೇಲಿನ ಮಹಡಿಗಳಲ್ಲಿ ಜನ ಗಾಜು ಒಡೆದು ಕಿಟಕಿಗೆ ಬಂದಿದ್ದರು. 9 ಜನ ಉಳಿಯಲಿಲ್ಲ. ನಾನು ಮೇಲೆ ನೋಡಿಕೊಂಡು ಫೋಕಸ್ ಮಾಡುತ್ತಿದ್ದೆ. ಒಬ್ಬ ಫೈರ್‌ಮನ್ ನನ್ನ ಭುಜ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಎಳೆದರು. ನಾನು ನಿಂತಿದ್ದ ಕಡೆ ಗಾಜು ಬಿತ್ತು. ಅವರು ತಿರುಗಿ ಕೂಡ ನೋಡದೆ ಏಣಿ ಕಡೆ ಹೋದರು. ಆ ಬೆಂಕಿಯಲ್ಲಿ ತಮ್ಮವರನ್ನು ಕಳೆದುಕೊಂಡವರು ಆಮೇಲೆ 'ಬಿಯಾಂಡ್ ಕಾರ್ಲ್‌ಟನ್' ಅಂತ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗೆ ಕೆಲಸ ಮಾಡಿದರು. ಅವರ ದುಃಖದ ದಿನ ಕ್ಯಾಮೆರಾ ಹಿಡಿದು ಎದುರು ನಿಂತಿದ್ದವನು ನಾನು. ಅವರ ಈ ಕೆಲಸದ ಬಗ್ಗೆ ನನಗಿರುವ ಗೌರವವನ್ನು ಬರೆಯದೆ ಇರೋಕೆ ಆಗಲ್ಲ.

ವಿಕ್ಟೋರಿಯಾ ಆಸ್ಪತ್ರೆ ಶವಾಗಾರದಲ್ಲಿ ಒಬ್ಬರಿದ್ದರು. ಅಪರಿಚಿತ ಶವ ಬಂದಾಗ ಗುರುತು ಪತ್ತೆಗೆ ಫೋಟೋ ಬೇಕಾಗುತ್ತಿತ್ತು. ಪೊಲೀಸರು ನಮ್ಮನ್ನು ಕೇಳುತ್ತಿದ್ದರು, ಪತ್ರಿಕೆ ಮೂಲೆಯಲ್ಲಿ ಚಿಕ್ಕದಾಗಿ ಬರುತ್ತಿತ್ತು. ನಾನು ಕ್ಯಾಮೆರಾ ತೆಗೆದರೆ ಅವರು "ತಡೀರಿ ಸಾರ್" ಅನ್ನುತ್ತಿದ್ದರು. ಹತ್ತಿ ಒದ್ದೆ ಮಾಡಿ ಮುಖದ ಮಣ್ಣು ಒರೆಸುತ್ತಿದ್ದರು. ಹುಬ್ಬಿನ ಹತ್ತಿರ ಅಂಟಿಕೊಂಡದ್ದನ್ನು ಉಗುರಿನಿಂದ ಮೆಲ್ಲಗೆ ಬಿಡಿಸುತ್ತಿದ್ದರು. ಜೇಬಿನಿಂದ ತಮ್ಮದೇ ಬಾಚಣಿಗೆ ತೆಗೆದು ತಲೆ ಬಾಚುತ್ತಿದ್ದರು. ಬೈತಲೆ ಯಾವ ಕಡೆ ಇತ್ತು ಅಂತ ಕೂದಲು ಸರಿಸಿ ಹುಡುಕುತ್ತಿದ್ದರು. "ಮನೇಲಿ ಹೇಗೆ ನೋಡಿರ್ತಾರೋ ಹಾಗೆ ಕಾಣಬೇಕು. ಇಲ್ಲಾಂದ್ರೆ ಗುರುತು ಹೇಗೆ ಸಿಗುತ್ತೆ?" ಅನ್ನುತ್ತಿದ್ದರು. ಎಷ್ಟೋ ಮನೆಯವರು ಆ ಚಿಕ್ಕ ಫೋಟೋ ನೋಡಿ ಬಂದು ತಮ್ಮವರನ್ನು ಕರೆದುಕೊಂಡು ಹೋದರು. ಅದಕ್ಕೆ ಕಾರಣ ನನ್ನ ಲೆನ್ಸ್ ಅಲ್ಲ, ಅವರ ಬಾಚಣಿಗೆ. ಅವರು ಈಗಿಲ್ಲ. ಅವರ ಮಗಳು ಇದನ್ನು ಓದುತ್ತಾರೆ ಅಂತ ಗೊತ್ತು. ತಾಯಿ, ನಿಮ್ಮ ತಂದೆ ದೊಡ್ಡ ಮನುಷ್ಯ.

ಕೋವಿಡ್ ಎರಡನೇ ಅಲೆಯ 2021ರ ಏಪ್ರಿಲ್, ಮೇ ತಿಂಗಳು ಮಾತ್ರ ನನಗೆ ತಡೆದುಕೊಳ್ಳೋಕೆ ಆಗಲಿಲ್ಲ. ಅದು ಕ್ರೈಂ ಅಲ್ಲ, ಆದರೂ ಸಾವಿನ ಕಡೆ ಹೋಗುವ ಫೋಟೋಗ್ರಾಫರ್ ಅಂದರೆ ನಾನೇ ಅಲ್ವಾ. ಸುಮನಹಳ್ಳಿ, ಮೇಡಿ ಅಗ್ರಹಾರ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್ ಸಾಲು. ಜಾಗ ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ ಏರ್ಪಾಡು ಮಾಡಿದ್ದರು. ಅಲ್ಲಿ ಪಿಪಿಇ ಒಳಗೆ ಬೆವರಿ ನೆಂದಿದ್ದ ಒಬ್ಬ ಹುಡುಗ, ಹೊರದೇಶದಲ್ಲಿ ಸಿಕ್ಕಿಕೊಂಡಿದ್ದ ಯಾರದೋ ಮಗನಿಗೆ ವಿಡಿಯೊ ಕಾಲ್‌ನಲ್ಲಿ ಚಿತೆ ತೋರಿಸುತ್ತಿದ್ದ. ಆ ಕಡೆಯವರು ಮಂತ್ರ ಹೇಳಿ ಮುಗಿಸುವ ತನಕ ಕೈ ಇಳಿಸಲಿಲ್ಲ. ಹಿಂದೆ ಇನ್ನೂ ಆರೇಳು ಗಾಡಿ ಕಾಯುತ್ತಿದ್ದವು. ನಾನು ಅವನ ಬೆನ್ನ ಹಿಂದಿನಿಂದ, ಫೋನ್ ಹಿಡಿದ ಕೈ ಮಾತ್ರ ಕಾಣುವ ಹಾಗೆ ತೆಗೆದೆ. ಆ ದಿನಗಳಲ್ಲಿ ಮನೆಗೆ ಬಂದರೆ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಸುಡುಗಾಡಿನ ಕೆಲಸಗಾರರೇ ನನಗೆ ಟೀ ಕೊಟ್ಟು, ಕೂರಿಸಿ, ಮಾತಾಡಿಸಿ ಕಳಿಸುತ್ತಿದ್ದರು. ಆ ಎರಡು ತಿಂಗಳು ಅವರು ಈ ಊರಿಗೆ ಮಾಡಿದ್ದನ್ನು ಊರು ಇನ್ನೂ ಸರಿಯಾಗಿ ನೆನೆದಿಲ್ಲ.

ಡೆಸ್ಕಿನವರೇ, ನಿಮ್ಮ ಜೊತೆ ಜಗಳ ಆಡಿದ್ದುಂಟು. ಆದರೆ ನಾನು ತಂದ ಎಷ್ಟೋ ಫೋಟೋಗಳನ್ನು ಪಕ್ಕಕ್ಕಿಟ್ಟದ್ದು ನೀವು. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಬರಬಾರದು ಅಂತ 1983ರಿಂದಲೇ ಕಾನೂನಿದೆ. ಮಕ್ಕಳಿಗೆ 2012ರ ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಇದೆ. ಮುಖ ಮಸುಕು ಮಾಡಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಮನೆಯ ಗೇಟು, ಬೀದಿ ಬೋರ್ಡು, ಶಾಲೆ ಸಮವಸ್ತ್ರ ಇವಿಷ್ಟೇ ಸಾಕು ಗುರುತು ಹಿಡಿಯೋಕೆ. ನಮ್ಮ ಹಿರಿಯ ಉಪಸಂಪಾದಕಿ ಒಬ್ಬರು ಪ್ರತಿ ಫೋಟೋದ ನಾಲ್ಕೂ ಮೂಲೆ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಈಗ ಘಟನೆ ನಡೆದ ಐದು ನಿಮಿಷಕ್ಕೆ ಯಾರೋ ಮೊಬೈಲಿನಲ್ಲಿ ತೆಗೆದು ಹಂಚಿರುತ್ತಾರೆ. ಅದಕ್ಕೆ ಡೆಸ್ಕ್ ಇಲ್ಲ, ಭೂತಗನ್ನಡಿ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಯಾರದೋ ಅಪಘಾತ ಕಂಡರೆ ಮೊದಲು 112ಕ್ಕೆ ಫೋನ್ ಮಾಡಿ.

ಮನೆಯವಳ ಬಗ್ಗೆ ಬರೆಯಬೇಡ ಅಂತ ಅವಳೇ ಹೇಳಿದ್ದಾಳೆ. ಒಂದೇ ಮಾತು: ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಹಂಡೆಯಲ್ಲಿ ಬಿಸಿನೀರು ಇರುತ್ತಿತ್ತು. ಇವತ್ತು ಎಲ್ಲಿಗೆ ಹೋಗಿದ್ದೆ ಅಂತ ನಾನಾಗಿ ಹೇಳುವ ತನಕ ಕೇಳುತ್ತಿರಲಿಲ್ಲ.

ಇನ್ನು ಉಳಿದವರು ಆ ಮನೆಗಳವರು. ಕೊಲೆಯಾದವರ ಮನೆಗೆ, ಅಪಘಾತದಲ್ಲಿ ಹೋದವರ ಮನೆಗೆ ಅದೇ ದಿನ ಹೋಗಿ, "ಅವರದ್ದೊಂದು ಫೋಟೋ ಇದ್ದರೆ ಕೊಡಿ" ಅಂತ ಕೇಳೋದು ನನ್ನ ಕೆಲಸವಾಗಿತ್ತು. ಕೆಲವರು ಬಾಗಿಲು ಹಾಕಿಕೊಂಡರು. ಅದು ಅವರ ಹಕ್ಕು. ಆದರೆ ಎಷ್ಟೋ ಮನೆಗಳಲ್ಲಿ ಒಳಗೆ ಕರೆದರು. ಗೋಡೆಯಿಂದ ಫೋಟೋ ಇಳಿಸಿ, ಗಾಜಿನ ಮೇಲೆ ಬೆಳಕು ಹೊಡೆಯದ ಹಾಗೆ ಜಗಲಿಗೆ ತಂದು, ಸ್ವಲ್ಪ ಓರೆ ಮಾಡಿ ಹಿಡಿದುಕೊಳ್ಳೋಕೆ ಯಾರಾದರೂ ಬೇಕು. ಶ್ರೀರಾಂಪುರದ ಒಂದು ಮನೆಯಲ್ಲಿ ತಾಯಿಯೇ ಹಿಡಿದರು. ಕ್ಲಿಕ್ ಮಾಡುವ ಮೊದಲು "ಒಂದ್ನಿಮಿಷ" ಅಂದು ಸೆರಗಿನಿಂದ ಗಾಜು ಒರೆಸಿದರು. ಒಂದು ಸಲ ಅಲ್ಲ, ಮೂಲೆ ಮೂಲೆ ಬಿಡದೆ. ಮಗ ಕಾಲೇಜು ಟೂರಿಗೆ ಹೋದಾಗ ತೆಗೆಸಿದ ಫೋಟೋ ಅದು, ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದ. "ಕನ್ನಡಕ ಇಲ್ಲದ್ದೂ ಒಂದು ಇದೆ, ಅದರಲ್ಲಿ ಇನ್ನೂ ಚೆನ್ನಾಗಿ ಕಾಣ್ತಾನೆ, ಅದನ್ನೇ ಹಾಕಿ" ಅಂತ ಒಳಗೆ ಹೋಗಿ ತಂದುಕೊಟ್ಟರು. ಮರುದಿನ ಪತ್ರಿಕೆಯಲ್ಲಿ ಅದೇ ಬಂತು. ನನ್ನನ್ನು ನಂಬಬೇಕಾದ ಯಾವ ಕಾರಣವೂ ಇಲ್ಲದ ಹೊತ್ತಿನಲ್ಲಿ ನೀವೆಲ್ಲ ನನ್ನನ್ನು ನಂಬಿದಿರಿ. ನನ್ನ ಮೇಲಿರುವ ಅತಿ ದೊಡ್ಡ ಋಣ ನಿಮ್ಮದು.

ಹಾಗೆ ತೆಗೆದ ಫೋಟೋಗಳ ನೆಗೆಟಿವ್‌ಗಳೆಲ್ಲ ಬಟರ್ ಪೇಪರಿನಲ್ಲಿ, ತಾರೀಕು, ಬಡಾವಣೆ ಬರೆದು ಜೋಪಾನವಾಗಿವೆ. ಎಷ್ಟೋ ಮನೆಗಳಲ್ಲಿ ಮೂಲ ಫೋಟೋ ಮಳೆನೀರಿಗೋ ಮನೆ ಬದಲಿಸುವಾಗಲೋ ಹೋಗಿರಬಹುದು. ಮನೆಯವರಿಗೆ ಪ್ರಿಂಟ್ ಕೊಡಲು ಕಚೇರಿಯವರು ಒಪ್ಪಿದ್ದಾರೆ, ಅವರಿಗೂ ಥ್ಯಾಂಕ್ಸ್. ನಿಮ್ಮ ಮನೆಗೆ ನಾನು ಬಂದದ್ದು ನೆನಪಿದ್ದರೆ ಹೇಳಿಕಳಿಸಿ. ವರ್ಷ, ಬಡಾವಣೆ ಇಷ್ಟು ಗೊತ್ತಿದ್ದರೆ ಹುಡುಕಿಕೊಡುತ್ತೇನೆ. ದುಡ್ಡು ಬೇಡ. ಈಗ ನನಗೆ ಹಗಲೆಲ್ಲ ಬಿಡುವಿದೆ.